ಮುಡಿಪಿನ ಕಾಯಿ

ಕಮಟು ಹಿಡಿದ ಕೊಬ್ಬರಿಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸುಲಭಕ್ಕೆ ಬಿಡುವಂಥದ್ದಲ್ಲ. ಮೊನ್ನೆ ಹಬ್ಬಕ್ಕೆ ಕೊಬ್ಬರಿ ಮಿಠಾಯಿ ಮಾಡೋಣವೆಂದು ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಗಪ್ಪೆಂದು ಹೊಡೆಯಿತು. ತಳದಲ್ಲಿ ಮರೆತುಹೋಗಿದ್ದ ಎರಡು ಗಿಟುಕು ಕೊಬ್ಬರಿ ಹಳದಿಗಟ್ಟಿ, ಎಣ್ಣೆ ಒಸರಿ ಕೂತಿದ್ದವು. ತಿಪಟೂರಿನಲ್ಲಿ ಮನೆ ಮಾಡಿಕೊಂಡು ಕೊಬ್ಬರಿ ಕೆಡಿಸುವುದೆಂದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಮಾತಲ್ಲ. ‘ಥೂ, ನಿನ್ನ ಯೋಗ್ಯತೆಗಿಷ್ಟು’ ಎಂದು ನನಗೆ ನಾನೇ ಬೈದುಕೊಂಡು ಎಸೆಯಲು ಹಿತ್ತಲಿಗೆ ಹೊರಟವಳು ಬಾಗಿಲಲ್ಲೇ ನಿಂತೆ. ಅಕ್ಕನ ಮನೆಯ ಅಟ್ಟ, ಅದರ ಮೂಲೆಯ ಹಳದಿ ಬಟ್ಟೆ, ಬಟ್ಟೆಯ ಕೆಳಗಿನಿಂದ ಬರುತ್ತಿದ್ದ ಇದೇ ವಾಸನೆ...

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನಾನು ಮದುವೆಯಾಗಿ ದಬ್ಬೇಘಟ್ಟದ ಹತ್ತಿರದ ಹಳ್ಳಿಗೆ ಹೋದಾಗ ಗೋಡೆಯಾಚೆ ಇದ್ದವಳು. ಎರಡೂ ಮನೆಗೆ ಒಂದೇ ಗೋಡೆ. ಇಲ್ಲಿ ಒಗ್ಗರಣೆ ಹಾಕಿದರೆ ಅಲ್ಲಿ ಸೀನುತ್ತಿದ್ದರು. ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ, ಅವಳ ಅತ್ತೆಯನ್ನು ಅಜ್ಜಿ. ಅವರಿಗೆ ಒಬ್ಬಳೇ ಮಗಳು. ಅವಳಿಗೆ ನಾನು ಚಿಕ್ಕಮ್ಮ. ನಾನು ಮನೆಯಲ್ಲೇ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಈ ಹೆಣ್ಣಿಗೆ ಬಾಯಿ ಜಾಸ್ತಿ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿತ್ತು. ಅಕ್ಕ ಮಾತ್ರ, ‘ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ, ನೀನು ಮಾತಾಡು ಕಣೇ’ ಎಂದು ನಗುತ್ತಿದ್ದಳು.

ಮಗಳು ನನಗಿಂತ ಒಂದು ಕೈ ಮೇಲು. ಬೀದಿಯಲ್ಲಿ ಯಾರು ಹೇಗೆ ನಡೆಯುತ್ತಾರೆ, ಯಾರು ಹೇಗೆ ಕೆಮ್ಮುತ್ತಾರೆ, ಎಲ್ಲವನ್ನೂ ಅಂಗಳದಲ್ಲಿ ನಿಂತು ಮಾಡಿ ತೋರಿಸುತ್ತಿದ್ದಳು. ಸೂಜಿಗೆ ದಾರ ಪೋಣಿಸಲಾಗದೆ ನಾನು ಗೊಣಗುವುದನ್ನು ನನಗಿಂತ ಚೆನ್ನಾಗಿ ಗೊಣಗುತ್ತಿದ್ದಳು. ಅಜ್ಜಿ ಬೈಯಲು ಶುರುಮಾಡಿದರೆ ಅಜ್ಜಿಯ ದನಿಯಲ್ಲೇ ತಿರುಗಿ ಬೈದು ಓಡುತ್ತಿದ್ದಳು. ಅಕ್ಕ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ ಒಬ್ಬಳೇ ನಗುತ್ತಿದ್ದುದು ನನ್ನ ಕಿಟಕಿಗೆ ಕಾಣುತ್ತಿತ್ತು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳು ಬಿದ್ದಳು. ಸ್ಕೂಲು ಮುಗಿಸಿಕೊಂಡು ತುರುವೇಕೆರೆಯಿಂದ ಅಪ್ಪನ ಮೊಪೆಡ್ಡಿನಲ್ಲಿ ಬರುತ್ತಿದ್ದಳು. ಕಾಲ ಬಳಿ ಹಿಂಡಿಯ ಚೀಲ, ಹಿಂದೆ ಮಗಳು. ಮಬ್ಬುಗತ್ತಲಲ್ಲಿ ಭಾವನಿಗೆ ರಸ್ತೆಯ ಉಬ್ಬು ಕಾಣಲಿಲ್ಲ. ಗಾಡಿ ಎಗರಿತು, ಮಗಳು ಹಿಂದಕ್ಕೆ ಬಿದ್ದು ತಲೆ ಡಾಂಬರಿಗೆ ಬಡಿಯಿತು. ಭಾವನ ಮೊಣಕೈ ತರಚಿತ್ತು, ಅಷ್ಟೆ. ಹೆಲ್ಮೆಟ್ಟು ಎಂದು ಕೇಳಬೇಡಿ. ಮೊಪೆಡ್ಡಿನಲ್ಲಿ ಹಿಂಡಿ ತರುವವರಿಗೆ ನಮ್ಮ ಕಡೆ ಅದೆಲ್ಲ ತೋಚುವುದೇ ಇಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ತಲೆಯ ಆಪರೇಷನ್ ಆಯಿತು. ಎಷ್ಟೋ ದಿನ ಮಗಳು ಕಣ್ಣು ಬಿಡಲಿಲ್ಲ. ಆಗಲೇ ಅಕ್ಕ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು, ಸೆರಗಿನ ತುದಿಗೆ ಗಂಟು ಹಾಕಿ, ಕೆಂಕೆರೆ ದಾರಿಯಲ್ಲಿರುವ ಅವರ ಮನೆದೇವರು ಅಮ್ಮನಿಗೆ ಹರಕೆ ಹೊತ್ತಿದ್ದು. ಮಗಳ ತೂಕದಷ್ಟು ಕೊಬ್ಬರಿ ತೂಗಿಸುತ್ತೇನೆ ಎಂದು. ಭಾವ ಪಕ್ಕದಲ್ಲೇ ನಿಂತಿದ್ದ. ‘ನನ್ ಮಗಳ್ನ ಮೊದ್ಲಿನಂಗೆ ಮಾಡ್ಕೊಡು’ ಎಂದು ಕೇಳಿದೆ ಎಂದು ಅಕ್ಕ ಹೇಳುತ್ತಿದ್ದಳು. ‘ಉಳಿಸ್ಕೊಡು’ ಎಂದು ಕೇಳಿದೆವು ಎಂದು ಭಾವ ಹೇಳುತ್ತಿದ್ದ. ಆಮೇಲೆ ಆ ಮನೆಯಲ್ಲಿ ಆದ ಜಗಳಕ್ಕೆಲ್ಲ ಮೂಲ ಇದೇ.

ಮಗಳು ಉಳಿದಳು. ಬೋಳು ತಲೆಗೆ ದುಪಟ್ಟಾ ಸುತ್ತಿಕೊಂಡು ಕಾರಿನಿಂದ ಇಳಿದಾಗ ಊರಿಗೆ ಊರೇ ಬಂದು ನಿಂತಿತ್ತು. ಅಜ್ಜಿ ಆರತಿ ಎತ್ತಿ, ಮೆಣಸಿನಕಾಯಿ ನೀವಾಳಿಸಿ, ಮೊದಲು ಹೇಳಿದ ಮಾತೇ ‘ಮುಡಿಪು ಕಟ್ಟಿ ಎತ್ತಿಡ್ರಪ್ಪ’ ಎಂದು. ಭಾವ ಅದೇ ವಾರ ತೋಟದಲ್ಲಿ ಒಳ್ಳೊಳ್ಳೆ ಕಾಯಿ ಆರಿಸಿ ಅಟ್ಟದ ಮೂಲೆಗೆ ಹಾಕಿ, ಮೇಲೆ ಅರಿಸಿನದಲ್ಲಿ ಅದ್ದಿದ ಬಟ್ಟೆ ಹೊದಿಸಿದ. ನಮ್ಮ ಸೀಮೆ ಕಂಡಿರದವರಿಗೆ ಹೇಳಿಬಿಡುತ್ತೇನೆ: ನಾವು ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟದಲ್ಲಿ ಹಾಕಿ, ಹೆಚ್ಚುಕಮ್ಮಿ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನುತ್ತದೆ. ಅವಸರಪಟ್ಟು ಮೊದಲೇ ಒಡೆದರೂ ಕೆಡುತ್ತದೆ, ಆದಮೇಲೆ ಒಡೆಯದೆ ಬಹಳ ದಿನ ಬಿಟ್ಟರೂ ಕೆಡುತ್ತದೆ. ಅಲ್ಲಾಡಿಸಿ ನೋಡಿ ಹೇಳುವುದರಲ್ಲಿ ಅಕ್ಕನ ಕಿವಿ ಊರಿಗೇ ಹೆಸರಾಗಿತ್ತು. ಕಾಯಿ ಕೊಬ್ಬರಿಯಾಗುವ ಹೊತ್ತಿಗೆ ಮಗಳೂ ಪೂರಾ ಹುಷಾರಾಗಿರುತ್ತಾಳೆ ಎಂದು ಎಲ್ಲರೂ ಅಂದುಕೊಂಡೆವು.

ಕೂದಲು ಬೆಳೆಯಿತು. ನಡೆದಳು, ಮಾತಾಡಿದಳು, ಮುದ್ದೆ ಮುರಿದು ತಾನೇ ಉಂಡಳು. ದಾರಿಯಲ್ಲಿ ಹೋಗುವವರು ಅಂಗಳದಲ್ಲಿ ಕೂತ ಅವಳನ್ನು ನೋಡಿ, ‘ಏನ್ ಕಣವ್ವ, ಚಿನ್ನದಂಗೆ ಆಗವ್ಳೆ ನಿನ್ ಮಗ್ಳು’ ಎಂದು ಅಕ್ಕನಿಗೆ ಹೇಳಿ ಹೋಗುತ್ತಿದ್ದರು. ಹೊರಗಿನಿಂದ ನೋಡಿದರೆ ಹಾಗೇ ಇತ್ತು. ಕಿವಿಯ ಹಿಂದಿನ ಗಾಯದ ಗೆರೆಯೂ ಜಡೆಯಲ್ಲಿ ಮುಚ್ಚಿಹೋಗಿತ್ತು. ಒಳಗಿದ್ದವರಿಗೆ ಗೊತ್ತು. ಹಾಲು ಕಾಯಲಿಟ್ಟು ಮರೆತು ಬೀದಿಗೆ ಹೋಗುತ್ತಿದ್ದಳು. ಪಾಠದ ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೊದಲಿನ ಸಾಲು ಹೋಗಿರುತ್ತಿತ್ತು. ಸುಮ್ಮಸುಮ್ಮನೆ ಸಿಟ್ಟು, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದಳು, ಅರ್ಧ ಗಳಿಗೆಗೆ ಅದೂ ಮರೆತುಹೋಗುತ್ತಿತ್ತು. ಗೆಳತಿಯರು ಮೊದಮೊದಲು ಬಂದರು, ಆಮೇಲೆ ಪರೀಕ್ಷೆ ಎಂದರು, ಆಮೇಲೆ ಬರಲಿಲ್ಲ. ನಾನು ಬೇಕೆಂದೇ ಅವಳ ಮುಂದೆ ಸೂಜಿ ಹಿಡಿದು ಗೊಣಗಿದೆ. ಅವಳು ನನ್ನನ್ನು ನೋಡಿ, ‘ಕಣ್ಣು ಕಾಣಲ್ವಾ ಚಿಕ್ಕಮ್ಮ, ಕೊಡಿ, ನಾ ಹಾಕ್ಕೊಡ್ತೀನಿ’ ಎಂದಳು. ಒಳ್ಳೆಯ ಮಾತೇ. ಆದರೆ ನಾನು ಕಾದದ್ದು ಅವಳ ಹಳೆಯ ಗೊಣಗಾಟಕ್ಕೆ.

ಅಪ್ಪ ಅಮ್ಮ ಇಬ್ಬರೂ ಅವಳನ್ನು ಒಟ್ಟಿಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಒಮ್ಮೆ ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಹೇಳಿದ್ದು ಒಂದೇ ಮಾತು: ಅಪಾಯ ಪೂರ್ತಿ ದಾಟಿದ್ದಾಳೆ, ಸುಧಾರಣೆ ಹೆಚ್ಚಾಗಿ ಕಾಣುವುದು ಮೊದಮೊದಲು, ಆಮೇಲೆ ನಿಧಾನ, ಎಷ್ಟರಮಟ್ಟಿಗೆ ಎಂದು ಯಾರೂ ಹೇಳಲಾರರು. ವಾಪಸು ಬರುವಾಗ ಬಸ್ಸಿನಲ್ಲಿ ಭಾವ ಮುಂದಿನ ಸೀಟಿನವರಿಗೆಲ್ಲ ‘ಅಪಾಯ ದಾಟವ್ಳಂತೆ’ ಎಂದು ಹೇಳುತ್ತ ಬಂದ. ಅಕ್ಕ ಕಿಟಕಿಗೆ ತಲೆಯಿಟ್ಟು, ‘ಆಮೇಲೆ ನಿಧಾನ ಅಂದ್ರಲ್ಲ ಕಣೇ... ನಿಧಾನ ಅಂದ್ರೆ ನಿಂತೋಯ್ತದೆ ಅಂತಾನಾ?’ ಎಂದು ನನ್ನನ್ನು ಕೇಳಿದಳು. ಇಬ್ಬರೂ ಒಂದೇ ಕೋಣೆಯಲ್ಲಿ, ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಿದ್ದವರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಅಲ್ಲಿಂದ ಅಕ್ಕ ಮನೆ ಬಿಟ್ಟು ಕದಲಲಿಲ್ಲ. ಒಲೆ ಇದೆ, ಬಾವಿ ಇದೆ, ಬೀದಿಯಲ್ಲಿ ಬೈಕುಗಳಿವೆ, ಮಗಳನ್ನು ಬಿಟ್ಟು ಹೋಗುವುದೆಲ್ಲಿಗೆ? ಕರೆದುಕೊಂಡು ಹೋದರೆ ಮದುವೆಮನೆಯಲ್ಲಿ ನಗಬಾರದ ಹೊತ್ತಿಗೆ ನಗುತ್ತಾಳೆ. ತವರಿಗೂ ಹೋಗಲಿಲ್ಲ. ಸಂಜೆ ನನ್ನ ಅಂಗಳಕ್ಕೆ ಬಂದರೂ ಒಂದು ಕಾಲು ಹೊಸ್ತಿಲಾಚೆಯೇ. ನಾನು ಕಾಫಿ ಲೋಟ ಕೈಗಿಡುವಷ್ಟರಲ್ಲಿ ಒಳಗೆ ಏನೋ ಸದ್ದಾಯಿತೆಂದು ಓಡುತ್ತಿದ್ದಳು. ಆ ಕಾಫಿಗಳನ್ನೆಲ್ಲ ಕುಡಿದೇ ನಾನು ಹೀಗೆ ಊದಿಕೊಂಡೆ. ತಮಾಷೆಗೆ ಹೇಳುತ್ತೇನೆ, ಆದರೆ ಅವಳು ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿದದ್ದನ್ನು ನಾನು ಆಮೇಲೆ ನೋಡಲೇ ಇಲ್ಲ.

ಒಂದು ದಿನ ಬಾಯಿಬಿಟ್ಟಳು. ‘ಬಿಸಿತುಪ್ಪ ಆಗೈತೆ ಕಣೇ, ನುಂಗಂಗಿಲ್ಲ, ಉಗಿಯಂಗಿಲ್ಲ. ಹೋಗಿದ್ರೆ ಅತ್ತು ಮುಗಿಸ್ತಿದ್ದೆ. ಎದುರಿಗೇ ಕೂತವ್ಳೆ, ಯಾರಿಗೇಂತ ಅಳ್ಲಿ?’ ಎಂದಳು. ಅಂದವಳೇ ಬೆಚ್ಚಿ ತನ್ನ ಬಾಯಿಗೆ ತಾನೇ ಪಟಪಟ ಹೊಡೆದುಕೊಂಡಳು. ‘ಬುಡ್ತು ಅನ್ನು, ಬುಡ್ತು ಅನ್ನೇ’ ಎಂದು ನನ್ನ ಕೈ ಹಿಡಿದಳು. ನಾನು ‘ಬುಡ್ತು’ ಎಂದೆ. ಅವಳು ಕೈ ಬಿಡಲಿಲ್ಲ.

ವರ್ಷ ತುಂಬಿತು. ಮುಡಿಪಿನ ಕಾಯನ್ನು ಹರಕೆ ಹೊತ್ತವರೇ ಅಲ್ಲಾಡಿಸಿ ನೋಡಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಳ್ಳೆಯ ದಿನ ನೋಡಿ ಭಾವ ಏಣಿ ಹಾಕಿದ. ಅಜ್ಜಿ, ನಾನು, ಮಗಳು ಎಲ್ಲ ಕೆಳಗೆ ಕತ್ತೆತ್ತಿಕೊಂಡು ನಿಂತೆವು. ಅಕ್ಕ ಹತ್ತಿ, ಹಳದಿ ಬಟ್ಟೆ ಸರಿಸಿ, ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಗಡಗಡ ಎಂದಿತು. ಕೆಳಗೆ ನಿಂತ ನಮಗೆ ಕೇಳಿಸಿತು, ಕಿವಿ ಮಂದವಾದ ಅಜ್ಜಿಗೂ ಕೇಳಿಸಿತು. ಅಕ್ಕ ನಮ್ಮ ಕಡೆ ನೋಡದೆ, ‘ಇನ್ನೂ ನೀರೈತೆ’ ಎಂದಳು. ಕಾಯಿಯನ್ನು ಇದ್ದಲ್ಲೇ ಇಟ್ಟು, ಬಟ್ಟೆ ಎಳೆದು, ಇಳಿದು ಬಂದಳು.

ಭಾವ ಏಣಿ ಹಿಡಿದುಕೊಂಡೇ ನಿಂತಿದ್ದ. ಮುಂದಿನ ತಿಂಗಳು ಕೇಳಿದರೂ ನೀರೈತೆ, ಅದರ ಮುಂದಿನ ತಿಂಗಳೂ ನೀರೈತೆ. ಮಳೆಗಾಲ ಕಳೆಯುವ ಹೊತ್ತಿಗೆ ಅಟ್ಟದಿಂದ ಕಮಟು ವಾಸನೆ ಇಳಿಯತೊಡಗಿತು. ನನ್ನ ಮನೆಗೂ ಬಂತು, ಹೊಲಿದ ರವಿಕೆಗಳಿಗೂ ಹತ್ತಿತು. ದೇವರ ಕೊಬ್ಬರಿ ಕೆಡಿಸಿದ ಮನೆ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರುಂಟೇ? ಅಂಥ ಕಿವಿಯ ಹೆಂಗಸು ಕೊಬ್ಬರಿಯಾಗಿದ್ದು ಗೊತ್ತಿಲ್ಲದೆ ಬಿಟ್ಟಳೆಂದು ಒಬ್ಬರೂ ನಂಬಲಿಲ್ಲ.

ಭಾವ ಕೆಟ್ಟ ಕಾಯನ್ನು ಗುಂಡಿಗೆ ಹಾಕಿ, ಮತ್ತೆ ಹೊಸ ಕಾಯಿ ಎತ್ತಿಟ್ಟ. ಆ ದಿನ ಮಧ್ಯಾಹ್ನ ಗೋಡೆಯಾಚೆ ಜಗಳ. ನಾನು ಮಷಿನ್ ನಿಲ್ಲಿಸಿದೆ. ಕದ್ದು ಕೇಳುವುದು ತಪ್ಪೋ ಸರಿಯೋ, ಕೇಳಿದೆ. ಭಾವ ಯಾವತ್ತೂ ದನಿ ಎತ್ತಿದವನಲ್ಲ. ‘ಉಳಿಸ್ಕೊಡು ಅಂದ್ವು, ಉಳಿಸ್ಕೊಡ್ತಲ್ಲೇ ಆ ತಾಯಿ? ಇನ್ನೇನ್ ಬೇಕು ನಿಂಗೆ?’ ಎಂದ. ‘ಇವ್ಳಲ್ಲ ನಾನ್ ಕೇಳಿದ್ದು’ ಎಂದಳು ಅಕ್ಕ. ಆಮೇಲೆ ಭಾವ ಅಳುವುದು ಕೇಳಿಸಿತು. ‘ಕೆಡವ್ದೋನು ನಾನು, ನಂಗೊತ್ತಿಲ್ವಾ? ಆ ಹರಕೆ ತೀರೋಗಂಟ ನಾನು ದಿನಾ ಅವಳ್ನ ಕೆಡವ್ತಾನೇ ಇರ್ತೀನಿ ಕಣೇ. ನನ್ನೂ ಒಸಿ ನೋಡು.’

ಅಲ್ಲಿಯವರೆಗೆ ನಾನು ಅಕ್ಕನ ಪಾರ್ಟಿ. ಅವತ್ತಿನಿಂದ ಯಾರ ಪಾರ್ಟಿಯೂ ಆಗಲಾರದೆ ಒದ್ದಾಡಿದೆ. ಹರಕೆ ತೀರಿಸಿದರೆ ಭಾವನಿಗೆ ಬಿಡುಗಡೆ. ಅಕ್ಕನಿಗೆ? ಅವಳೇ ನನಗೆ ಹೇಳಿದಳು: ‘ತೀರಿಸ್ಬುಟ್ರೆ ನಾನೇ ಒಪ್ಕಂಡಂಗಲ್ವೇನೇ, ಇಷ್ಟೇ ಸಾಕು ಅಂತ? ಆಮೇಲೆ ಆ ತಾಯಿನ ಯಾವ ಮಕ ಹೊತ್ಕಂಡು ಕೇಳ್ಲಿ?’ ತೀರಿಸದಿದ್ದರೆ, ಅಮ್ಮನ ಹರಕೆ ಉಳಿಸಿಕೊಂಡ ಮನೆಯಲ್ಲಿ ಮಕ್ಕಳಿಗೇ ಕೇಡು ಎಂದು ಅಜ್ಜಿಯದು ಬೆಳಗೆದ್ದರೆ ಅದೇ ಜಪ. ಅತ್ತ ದರಿ, ಇತ್ತ ಹುಲಿ.

ಹೊಸ ಕಾಯಿಗೂ ವರ್ಷ ತುಂಬುವ ಹೊತ್ತಿಗೆ ಮಗಳಿಗೆ ಫಿಟ್ಸ್ ಬಂತು. ಅಂಗಳದಲ್ಲಿ ಕಡ್ಡಿ ಪೊರಕೆ ಕಟ್ಟುತ್ತ ಕೂತವಳು ಹಾಗೇ ಪಕ್ಕಕ್ಕೆ ವಾಲಿ, ಕೈಕಾಲು ಸೆಟೆದು ಅದುರತೊಡಗಿದಳು. ಅಕ್ಕ ಅವಳ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂಗಿದ ಕೂಗು... ಬೇಡ, ಅದನ್ನು ಬರೆಯಲಾರೆ. ತಲೆಗೆ ಏಟು ಬಿದ್ದವರಿಗೆ ಹೀಗೆ ಆಗುವುದುಂಟು, ಮಾತ್ರೆ ತಪ್ಪಿಸಬೇಡಿ ಎಂದರು ಡಾಕ್ಟರು. ಅಜ್ಜಿ ಅಟ್ಟದ ಕಡೆ ನೋಡಿದರು. ಅಕ್ಕ ಡಾಕ್ಟರ ಮಾತು ನಂಬಿದ್ದಳು. ನನಗೆ ಹಾಗೆಂದೇ ಹೇಳಿದಳು. ಆದರೂ ಮಾರನೆಯ ಬೆಳಿಗ್ಗೆ ತಾನೇ ಏಣಿ ಹತ್ತಿ, ಕಾಯಿ ಅಲ್ಲಾಡಿಸಿ, ‘ಆಗೈತೆ, ಇಳಿಸ್ಕಳಿ’ ಎಂದು ಗಂಡನಿಗೆ ಹೇಳಿದಳು.

ಟೆಂಪೋ ಮಾಡಿಕೊಂಡು ಕೊಬ್ಬರಿ ಚೀಲಗಳ ಜೊತೆ ನಾವೆಲ್ಲ ಗುಡಿಗೆ ಹೋದೆವು. ತೊಲೆಗೆ ಕಟ್ಟಿದ ದೊಡ್ಡ ತಕ್ಕಡಿ. ಒಂದು ತಟ್ಟೆಯಲ್ಲಿ ಹೊಸ ಲಂಗ ದಾವಣಿ ಉಟ್ಟ ಮಗಳು, ಇನ್ನೊಂದಕ್ಕೆ ಭಾವ ಬೊಗಸೆ ಬೊಗಸೆಯಾಗಿ ಕೊಬ್ಬರಿ ಸುರಿಯುತ್ತಿದ್ದ. ಮಗಳ ತಟ್ಟೆ ಮೇಲೆದ್ದಿತು, ಸಮ ನಿಂತಿತು. ಪೂಜಾರಪ್ಪ ಮಂಗಳಾರತಿ ಮಾಡಿ ಅಕ್ಕನ ಕಡೆ ತಿರುಗಿದರು. ಆ ಗುಡಿಯ ಕ್ರಮವೆಂದರೆ, ಹರಕೆ ಹೊತ್ತವರು ‘ಹರಕೆ ತೀರ್ತು ತಾಯಿ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವ ತನಕ ತಟ್ಟೆಯಲ್ಲಿ ಕೂತವರನ್ನು ಇಳಿಸುವಂತಿಲ್ಲ.

ಅಕ್ಕ ಬಾಯಿ ತೆರೆಯಲಿಲ್ಲ. ಪೂಜಾರಪ್ಪ ಇನ್ನೊಮ್ಮೆ, ‘ಹೇಳವ್ವ’ ಎಂದರು. ಗುಡಿಗೆ ಬಂದ ಬೇರೆ ಜನವೂ ತಿರುಗಿ ನೋಡತೊಡಗಿತು. ಕೈಯಲ್ಲಿ ಕೊಬ್ಬರಿ ಹಿಡಿದ ಭಾವ ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಅಷ್ಟರಲ್ಲಿ ತಟ್ಟೆ ಒಂದಿಷ್ಟು ತೂಗಾಡಿತು. ಮಗಳಿಗೆ ಹೆದರಿಕೆಯಾಯಿತು. ಸರಪಳಿ ಗಟ್ಟಿಯಾಗಿ ಹಿಡಿದುಕೊಂಡು, ‘ಅಮ್ಮ, ಬೀಳ್ತೀನಿ, ಇಳ್ಸಮ್ಮ... ಅಮ್ಮ, ಇಳ್ಸು’ ಎಂದು ಚಿಕ್ಕ ಮಗುವಿನ ಹಾಗೆ ಅಳಲು ಶುರುಮಾಡಿದಳು. ಅವಳ ಮೈ ಅದುರುತ್ತಿತ್ತು. ಅಕ್ಕ ಮಗಳನ್ನು ನೋಡಿದಳು, ದೇವರನ್ನು ನೋಡಲಿಲ್ಲ. ‘ತೀರ್ತು ತಾಯಿ, ತೀರ್ತು, ನನ್ ಮಗೀನ ಇಳ್ಸಿ’ ಎಂದು ಕೂಗಿ, ತಾನೇ ಮುಂದೆ ಹೋಗಿ ಮಗಳನ್ನು ಬಾಚಿ ತಬ್ಬಿಕೊಂಡಳು. ಗಂಟೆ ಬಾರಿಸಿದರು. ಭಾವ ಅಲ್ಲೇ ನೆಲಕ್ಕೆ ಹಣೆ ಹಚ್ಚಿ ಮಲಗಿಬಿಟ್ಟ, ಎಬ್ಬಿಸಲು ಇಬ್ಬರು ಬೇಕಾಯಿತು.

ಟೆಂಪೋದಲ್ಲಿ ವಾಪಸು ಬರುವಾಗ ಭಾವ ಎಷ್ಟೋ ದಿನದ ಮೇಲೆ ನಗುತ್ತಿದ್ದ, ದಾರಿಯಲ್ಲಿ ಸಿಕ್ಕವರಿಗೆಲ್ಲ ಪ್ರಸಾದ ಹಂಚುತ್ತಿದ್ದ. ಮಗಳು ಅಕ್ಕನ ತೊಡೆಯ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಅಕ್ಕ ಅವಳ ಕೂದಲಲ್ಲಿ ಕೈಯಾಡಿಸುತ್ತ, ನನಗೆ ಮಾತ್ರ ಕೇಳುವ ಹಾಗೆ, ‘ಇಳಿಸ್ಕಳಕ್ಕೆ ಹೇಳ್ದೆ ಕಣೇ. ಆ ತಾಯಿಗೆ ಗೊತ್ತಾಗಲ್ವಾ?’ ಎಂದಳು.

ಆಮೇಲೆ ನಾವು ತಿಪಟೂರಿಗೆ ಬಂದೆವು, ಇಲ್ಲೇ ಅಂಗಡಿ ಹಾಕಿದೆ. ವರ್ಷಗಳು ಹೋದವು. ಅಕ್ಕ ಬದುಕಿರುವ ತನಕ ಆ ಮನೆಯ ಹೊಸ್ತಿಲು ದಾಟಿದ್ದು ಕಡಿಮೆ. ಮಗಳಿಗೆ ಹೊಸದೊಂದು ಮಾತು ನೆನಪಾದರೆ, ಹೊಸದೊಂದು ಕೆಲಸ ಬಂದರೆ ಫೋನು ಮಾಡುತ್ತಿದ್ದಳು. ‘ಇವತ್ತು ಅಜ್ಜಿ ಕೆಮ್ಮಿದಂಗೇ ಕೆಮ್ಮಿದ್ಲು ಕಣೇ, ಬೇಕಂತ್ಲೇ ಕೆಮ್ಮಿದ್ಲು ಅನ್ಸುತ್ತೆ’ ಎಂದು ಒಂದು ಸಲ ಅರ್ಧ ಗಂಟೆ ಮಾತಾಡಿದ್ದಳು. ಅದು ಬರೀ ಕೆಮ್ಮಾಗಿತ್ತು. ಮಾರನೆಯ ದಿನ ಮಗಳಿಗೆ ಜ್ವರ ಬಂತು. ಕಾಯಿಲೆ ಬಿದ್ದು ಅಕ್ಕ ಹೋದಾಗ ನಾನು ಹೋಗಿದ್ದೆ, ಆದರೆ ಆ ಜನಜಂಗುಳಿಯಲ್ಲಿ ಮಗಳ ಜೊತೆ ಕೂತು ಮಾತಾಡಲಾಗಿರಲಿಲ್ಲ.

ಮೊನ್ನೆ ಆ ಗಿಟುಕು ಎಸೆದು ಬಂದಮೇಲೆ ಮನಸ್ಸು ತಡೆಯಲಿಲ್ಲ. ಮಿಠಾಯಿ ಹೊರಗೆ ಕೊಂಡು, ಬಸ್ಸು ಹತ್ತಿದೆ. ಭಾವ ತೋಟಕ್ಕೆ ಹೋಗಿದ್ದ. ಮಗಳೇ ಬಾಗಿಲು ತೆಗೆದಳು. ಈಗ ಅವಳಿಗೂ ಅಲ್ಲಲ್ಲಿ ಬಿಳಿ ಕೂದಲು. ನನ್ನ ಗುರುತು ಹಿಡಿದಳು, ಕಾಫಿ ಮಾಡಿದಳು, ಒಲೆ ಆರಿಸಿದ್ದೀನಾ ಎಂದು ಎರಡು ಸಲ ಹೋಗಿ ನೋಡಿ ಬಂದಳು. ಗೋಡೆಯ ಮೇಲೆ ಹಾರ ಹಾಕಿದ ಅಕ್ಕನ ಫೋಟೋ. ನಾನು ಅದನ್ನೇ ನೋಡುತ್ತಿದ್ದೆ. ‘ನಿಮ್ಮಮ್ಮ ನಿಂಗೋಸ್ಕರ ಎಷ್ಟು ಒದ್ದಾಡಿದ್ಲು ಗೊತ್ತಾ’ ಎಂದೆ. ಕಣ್ಣು ತುಂಬಿತ್ತು, ಸುಮ್ಮನಿರಲಾರದೆ ಅಂದೆ.

ಅವಳು ಲೋಟ ಕೆಳಗಿಟ್ಟಳು. ಅವಳಿಗೆ ಮಾತು ಜೋಡಿಸಲು ಹೊತ್ತು ಬೇಕು.

‘ಗೊತ್ತು ಚಿಕ್ಕಮ್ಮ. ಅಮ್ಮ ದಿನಾ ನನ್ ಮಕ ನೋಡ್ತಿತ್ತು. ಯಾರೋ ಬತ್ತಾರೆ ಅಂತ ಬಾಗ್ಲು ನೋಡ್ತಾರಲ್ಲ, ಹಂಗೆ ನೋಡ್ತಿತ್ತು. ನಾನು ಇಲ್ಲೇ ಇದ್ದೆ.’

ಅಷ್ಟು ಹೇಳಿ, ಕಾಫಿ ಆರಿಹೋಗುತ್ತದೆ ಕುಡಿಯಿರಿ ಎಂದಳು. ನಾನು ಫೋಟೋದ ಕಡೆ ತಿರುಗಿ ನೋಡಲಿಲ್ಲ. ಅಕ್ಕ ಇದ್ದಿದ್ದರೆ ಈ ಮಾತನ್ನು ಹೇಳಬಹುದಿತ್ತು...